ಶಾಂಭವಿಯ ಗಂಟು

ಬಮ್ಮಿಗಟ್ಟಿಯ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ ಕಾಶಿನಾಥ ಓದಿ ತಿಳಿದವನು. ಓದಿ ತಿಳಿದವರಿಗೆ ಆಗುವ ತೊಂದರೆಗಳೆಲ್ಲ ಅವನಿಗೂ ಆಗಿದ್ದವು. ಪತ್ರಿಕೆಗಳ ಆರೋಗ್ಯ ಪುರವಣಿಯನ್ನು ಹನ್ನೊಂದು ವರ್ಷ ಒಂದು ವಾರವೂ ತಪ್ಪಿಸದೆ ಓದಿದ್ದರಿಂದ ತಾನು ಅರ್ಧ ಡಾಕ್ಟರು ಎಂಬ ನಂಬಿಕೆ ಅವನಲ್ಲಿ ಬೇರೂರಿತ್ತು. ಉಳಿದರ್ಧವನ್ನು ಮೊಬೈಲಿನ ವಿಡಿಯೊಗಳು ತುಂಬಿಕೊಟ್ಟಿದ್ದವು. ಹೀಗೆ ಪೂರ್ತಿ ಡಾಕ್ಟರಾದವನಿಗೆ ಒಬ್ಬ ರೋಗಿಯ ಕೊರತೆ ಮಾತ್ರ ಇತ್ತು. ಮದುವೆಯಾದ ನಾಲ್ಕನೆಯ ವರ್ಷ ಮಗಳು ಶಾಂಭವಿ ಹುಟ್ಟಿದಳು. ಕೊರತೆ ನೀಗಿತು.

ಮಗುವಿಗೆ ಆರು ತಿಂಗಳು ತುಂಬಿ, ಎದೆಹಾಲಿನ ಜೊತೆಗೆ ಮೇಲಿನ ಊಟ ಶುರುವಾಗುವ ಹಿಂದಿನ ದಿನ ಕಾಶಿನಾಥ ಹುಬ್ಬಳ್ಳಿಗೆ ಹೋಗಿ ಒಂದು ಪುಟ್ಟ ಮಿಕ್ಸರ್ ತಂದ. ಮರುದಿನದಿಂದ ಮನೆಯಲ್ಲಿ ಕಾಯ್ದೆ ಜಾರಿಗೆ ಬಂತು. ಮಿಕ್ಸರಿನಲ್ಲಿ ಮೂರು ಸುತ್ತು ತಿರುಗಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿಕೊಂಡು ಬಾರದ ಯಾವ ಪದಾರ್ಥವೂ ಶಾಂಭವಿಯ ತುಟಿ ದಾಟಕೂಡದು. ಅನ್ನ, ಬೇಳೆ, ಗಜ್ಜರಿ, ಕುಂಬಳಕಾಯಿ, ಎಲ್ಲವೂ ಆ ಯಂತ್ರದೊಳಗೆ ಹೋಗಿ ತಮ್ಮ ಬಣ್ಣ, ರುಚಿ, ಸ್ವಾಭಿಮಾನ ಕಳೆದುಕೊಂಡು ಒಂದೇ ಬಗೆಯ ನೀರಾಗಿ ಹೊರಬರುತ್ತಿದ್ದವು. ಬಾಳೆಹಣ್ಣನ್ನೂ ಯಾಕೆ ಸೋಸಬೇಕು ಎಂದು ಹೆಂಡತಿ ಸೌಂದರ್ಯಾ ಒಮ್ಮೆ ಕೇಳಿದ್ದಳು. "ಅದರಾಗೂ ಎಳಿ ಇರತಾವ," ಎಂದು ಅವನು ಗಂಭೀರವಾಗಿ ಹೇಳಿದ್ದ.

ತಾಯಿ ಶಾರದವ್ವನಿಗೆ ಈ ಮಿಕ್ಸರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಆರು ಮಂದಿನ್ನ ಹಡದೀನಿ. ಅನ್ನ ಕಿವುಚಿ ಬಾಯಾಗ ಇಟ್ಟೀನಿ. ಅದನ್ನ ತಿಂದ ನೀ ಇಷ್ಟು ಮಾತಾಡಾಕ ಕಲತಿ," ಎನ್ನುತ್ತಿದ್ದಳು.

"ಆಗಿನ ಕಾಲ ಬ್ಯಾರೆ, ಅವ್ವಾ."

"ಆಗ ಗಂಟ್ಲಾ ಬ್ಯಾರೆ ಇದ್ದೂವೇನು?"

ಇಂಥ ಪ್ರಶ್ನೆಗೆ ಪುರವಣಿಯಲ್ಲಿ ಉತ್ತರವಿರಲಿಲ್ಲ. ಕಾಶಿನಾಥ ಸುಮ್ಮನೆ ಮಿಕ್ಸರಿನ ಗುಂಡಿ ಒತ್ತಿ ಮಾತು ಮುಗಿಸುತ್ತಿದ್ದ. ಕರೆಂಟ್ ಹೋದ ದಿನ ಬೇಯಿಸಿದ ಗಜ್ಜರಿಯನ್ನೂ ಮಿಕ್ಸರನ್ನೂ ಚೀಲದಲ್ಲಿ ಹಾಕಿಕೊಂಡು ಗ್ರಂಥಾಲಯಕ್ಕೆ ಓಡುತ್ತಿದ್ದ. ಅಲ್ಲಿ ಸರ್ಕಾರ ಕಂಪ್ಯೂಟರಿಗೆಂದು ಕೊಟ್ಟ ಬ್ಯಾಟರಿ ಇತ್ತು. ಊರಿನ ನಾಲ್ಕೈದು ಓದುಗರು ನಿಧನ ವಾರ್ತೆಗಳನ್ನು ಗಜ್ಜರಿ ಅರೆಯುವ ಸದ್ದಿನಲ್ಲಿ ಓದುವುದನ್ನು ರೂಢಿ ಮಾಡಿಕೊಂಡಿದ್ದರು.

ಹೀಗೆ ಮೂರು ತಿಂಗಳು ಕಳೆದವು. ಸೌಂದರ್ಯಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೆರಿಗೆ ರಜೆ, ಅದಕ್ಕೆ ಸೇರಿಸಿ ಹಾಕಿದ ಆರೈಕೆ ರಜೆ ಎರಡೂ ಮುಗಿದ ಕೂಡಲೆ ಇಲಾಖೆ ಆಕೆಯನ್ನು ಹದಿನೈದು ದಿನದ ತರಬೇತಿಗೆ ಧಾರವಾಡಕ್ಕೆ ಕರೆಯಿತು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಹಗಲು ಹೊತ್ತಿನ ಶಾಂಭವಿ ಸಂಪೂರ್ಣವಾಗಿ ಕಾಶಿನಾಥನ ಆಡಳಿತಕ್ಕೆ ಸಿಕ್ಕಳು.

ಆ ವಾರವೇ ಅಂಗನವಾಡಿಯಲ್ಲಿ ಕೂಸುಗಳ ತೂಕ ನೋಡುವ ದಿನ ಬಂತು. ಕಾರ್ಯಕರ್ತೆ ದುರ್ಗಾ ಶಾಂಭವಿಯನ್ನು ತಕ್ಕಡಿಯಲ್ಲಿ ಕೂರಿಸಿ, ಮುಳ್ಳು ನೋಡಿ, ಹಳೆಯ ಚೀಟಿ ನೋಡಿ, ಮತ್ತೆ ಮುಳ್ಳು ನೋಡಿದಳು.

"ಎರಡು ತಿಂಗಳಾತು, ತೂಕ ಅಲ್ಲೇ ನಿಂತೈತಲ್ರಿ ಕಾಶಿನಾಥಣ್ಣ. ಏನು ಉಣಸ್ತೀರಿ?"

ಕಾಶಿನಾಥ ಹೆಮ್ಮೆಯಿಂದ ಜೊತೆಗೆ ತಂದಿದ್ದ ಡಬ್ಬಿ ತೆರೆದ. ದುರ್ಗಾ ಚಮಚ ಅದ್ದಿ ಮೇಲೆತ್ತಿ ಓರೆ ಮಾಡಿದಳು. ಒಳಗಿದ್ದದ್ದು ತಟತಟ ಸುರಿದುಹೋಯಿತು.

"ಇದು ಊಟ ಅಲ್ರಿ, ಬಣ್ಣದ ನೀರು. ಇದರಿಂದ ಮೈ ಹಿಡಿಯೂದು ಹ್ಯಾಂಗ? ಆ ಮಿಕ್ಸರ್ ಒಯ್ದು ಅಟ್ಟದ ಮ್ಯಾಲ ಇಡ್ರಿ. ಒಂಬತ್ತು ತಿಂಗಳಾತು, ಇನ್ನ ಗಂಟು ಗಂಟಾಗಿ ಕೊಡ್ರಿ. ಮೆತ್ತಗ ಬೇಯಿಸಿ ಬೆರಳಿಲೆ ಹಿಚುಕಿದ್ರ ಸಾಕು. ಹಂಗ ಬಿಟ್ರ ಅಗಿಯೂದು ಕಲಿಯೂದಿಲ್ಲ, ಮುಂದ ಭಾಳ ತ್ರಾಸ ಆಗತೈತಿ."

"ಗಂಟ್ಲಾಗ ಸಿಕ್ರ?" ಕಾಶಿನಾಥ ಡಬ್ಬಿಯನ್ನು ಎದೆಗೆ ಅವುಚಿಕೊಂಡ.

"ಮೊದಮೊದಲ ಒಂಚೂರು ಓಕರಿಸತಾವು ಕೂಸುಗಳು. ನಾಲಿಗಿಲೆ ಮುಂದ ತಳ್ಳಿ ಮತ್ತ ಅಗೀತಾವು. ನೀವು ಬಾಜು ಕುಂತು ನೋಡ್ಕೋರಿ, ಹೆದರಬ್ಯಾಡ್ರಿ."

ದುರ್ಗಾ ಹೇಳಿದ ನಲವತ್ತು ಮಾತುಗಳಲ್ಲಿ ಕಾಶಿನಾಥನ ತಲೆಯಲ್ಲಿ ಉಳಿದದ್ದು ಎರಡು: ಗಂಟು ಮತ್ತು ಗಂಟಲು. ಮನೆಗೆ ಬಂದವನೇ ಹಳೆಯ ರಿಜಿಸ್ಟರಿನ ಹಾಳೆ ಹರಿದು, ಕೆಂಪು ಗೆರೆ ಹಾಕಿ, ಗಂಟಿನ ವೇಳಾಪಟ್ಟಿ ತಯಾರಿಸಿದ. ಮೊದಲ ವಾರ ಸಾಸಿವೆ ಗಾತ್ರ. ಎರಡನೆಯ ವಾರ ಜೋಳದ ಗಾತ್ರ. ಮೂರನೆಯ ವಾರ ತೊಗರಿಬೇಳೆ. ತಿಂಗಳ ಕೊನೆಗೆ ಬಟಾಣಿ. ದುರ್ಗಾ ಬೆರಳಲ್ಲಿ ಹಿಚುಕಿ ಎಂದಿದ್ದಳು, ನಿಜ. ಆದರೆ ಬೆರಳಿಗೆ ಅಳತೆ ಗೊತ್ತಿರುವುದಿಲ್ಲ ಎಂಬುದು ಕಾಶಿನಾಥನ ಅಭಿಪ್ರಾಯವಾಗಿತ್ತು.

ಈ ವಿಷಯ ತಾಯಿಗೆ ತಿಳಿಯಬಾರದಾಗಿತ್ತು. ತಿಳಿದರೆ "ನಾ ಮೊದಲ ಹೇಳಿದ್ನೆಲ್ಲ" ಎಂಬ ಮಾತನ್ನು ಇನ್ನು ಇಪ್ಪತ್ತು ವರ್ಷ ಕೇಳಬೇಕಾದೀತು. ಆದ್ದರಿಂದ ಮಧ್ಯಾಹ್ನ ಶಾರದವ್ವ ಒಳಗೆ ಅಡ್ಡಾಗಿದ್ದ ಹೊತ್ತು ನೋಡಿ ಹಿತ್ತಲಿಗೆ ಹೋದ. ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಮಾತ್ರ. ಕಾಶಿನಾಥ ಕಲ್ಲು ಹತ್ತಿ ಹೆಂಡತಿಗೆ ಫೋನ್ ಮಾಡಿದ. ಗೋಡೆಯ ಆಚೆ ಬದಿಯಲ್ಲಿ ಬಾಜು ಮನೆಯ ಮೈಲಾರವ್ವ ಸಗಣಿಯ ಕುಳ್ಳು ಬಡಿಯುತ್ತಿದ್ದಳು.

"ಹಲೋ ಸೌಂದರ್ಯಾ! ಕೇಳಸ್ತೇನು? ಶಾಂಭವಿದು, ಗಂಟು! ಗಂಟು ಅಂದೆ! ಹೌದು, ಗಂಟ್ಲದ ವಿಷಯ. ದುರ್ಗಕ್ಕ ನೋಡಿ ಹೇಳಿದ್ಲು. ತೂಕಾನೂ ಏರಿಲ್ಲ. ಈ ವಾರ ಸಾಸಿವಿ ಕಾಳಿನಷ್ಟು. ಮುಂದಿನ ವಾರ ಜ್ವಾಳದಷ್ಟು. ತಿಂಗಳು ತುಂಬೂದ್ರಾಗ ಬಟಾಣಿಯಷ್ಟು ಆಗತೈತಿ. ನನಗೂ ಎದಿ ಹೊಡ್ಕೊಳ್ಳಾಕತ್ತೈತಿ, ಆದ್ರ ಏನು ಮಾಡೂದು? ಅವ್ವಗ ಮಾತ್ರ ಹೇಳಬ್ಯಾಡ. ಆಕಿಗೆ ತಡಕೊಳ್ಳಾಕ ಆಗೂದಿಲ್ಲ."

ಸೌಂದರ್ಯಾ ಎದುರಿಗೆ ತರಬೇತಿಯ ಸಾಹೇಬರು ನಿಂತಿದ್ದರಿಂದ "ಹೂಂ, ಹೂಂ" ಎಂದು ಫೋನ್ ಇಟ್ಟಳು. ಗೋಡೆಯಾಚೆ ಮೈಲಾರವ್ವನ ಕೈಯ ಸಗಣಿ ಕೈಯಲ್ಲೇ ಉಳಿಯಿತು.

ಮೈಲಾರವ್ವ ಗುಟ್ಟು ಕಾಯುವ ಹೆಂಗಸು. ಹಿತ್ತಲಿಂದ ಮುಂಬಾಗಿಲಿಗೆ ಬರುವವರೆಗೆ ಕಾಯ್ದಳು. ಮುಂಬಾಗಿಲಲ್ಲಿ ಗಂಡ ತಿರಕಪ್ಪ ಬೀಡಿ ಸೇದುತ್ತ ಕೂತಿದ್ದ. ಅಲ್ಲಿಂದ ಮಾತು ಹಿಟ್ಟಿನ ಗಿರಣಿಗೆ ಹೋಯಿತು, ಗಿರಣಿಯಿಂದ ಹಾಲಿನ ಡೇರಿಗೆ, ಡೇರಿಯಿಂದ ಬಸ್ ನಿಲ್ದಾಣಕ್ಕೆ. ಮನೆಯಿಂದ ಹೊರಡುವಾಗ ಸಾಸಿವೆಯಷ್ಟಿದ್ದ ಗಂಟು ಗಿರಣಿ ಮುಟ್ಟುವಾಗ ಬಟಾಣಿಯಾಗಿತ್ತು. ಬಸ್ ನಿಲ್ದಾಣದಲ್ಲಿ ಅದು ನಿಂಬೆಹಣ್ಣಾಯಿತು. ಸಂಜೆಯ ಕೊನೆಯ ಬಸ್ಸಿನಲ್ಲಿ ಕಲಘಟಗಿಗೆ ಹೋದವರು ಅದನ್ನು ತೆಂಗಿನಕಾಯಿಯಾಗಿ ಒಯ್ದಿರಲೂಬಹುದು.

ಮರುದಿನ ತಿರಕಪ್ಪ ಗ್ರಂಥಾಲಯಕ್ಕೆ ಬಂದ. ಆ ಕಟ್ಟಡ ಕಟ್ಟುವಾಗ ಇಟ್ಟಿಗೆ ಹೊತ್ತದ್ದು ಬಿಟ್ಟರೆ ಅವನು ಒಳಗೆ ಕಾಲಿಟ್ಟದ್ದು ಇದೇ ಮೊದಲು. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ದುಃಖದಲ್ಲಿದ್ದವರ ಮನೆಗೆ ಬಂದವನಂತೆ ಬೆಂಚಿನ ತುದಿಗೆ ಕೂತ.

"ಗಂಟಿನ ವಿಷಯ ಕೇಳಿದ್ನೆಪಾ, ಕಾಶಿನಾಥ."

ಕಾಶಿನಾಥನಿಗೆ ಆಶ್ಚರ್ಯವಾಯಿತು. ಆದರೆ ಶಿಶು ಆಹಾರದ ಬಗ್ಗೆ ಊರಿನಲ್ಲಿ ಜಾಗೃತಿ ಮೂಡುತ್ತಿದೆಯಲ್ಲ ಎಂದು ಸಂತೋಷವೂ ಆಯಿತು. "ಹೌದು ಕಾಕಾ. ಭಾಳ ಮಂದಿಗೆ ಇದರ ಬಗ್ಗೆ ತಿಳಿವಳಿಕೆ ಇಲ್ಲ," ಎಂದ.

"ಈಗ ಎಷ್ಟೈತಿ?"

"ಸಾಸಿವಿಯಷ್ಟು."

"ನುಂಗಾಕ ತ್ರಾಸ ಆಗತೈತೇನು?"

"ಒಂಚೂರು ಓಕರಿಸಬಹುದು. ಅದು ಸಹಜ."

ತಿರಕಪ್ಪ ಅವನ ಧೈರ್ಯ ಕಂಡು ಬೆರಗಾದ. "ದೊಡ್ಡ ಡಾಕ್ಟರಿಗೆ ತೋರಿಸಿದ್ರ ಛಲೋ ಅಲ್ಲೇನು? ಹುಬ್ಬಳ್ಳಿಗೆ ಹೋಗೂಣು. ನಮ್ಮ ಸಾಧಿಕ್‌ನ ಗಾಡಿ ಐತಿ."

"ಇದಕ್ಕ ಡಾಕ್ಟರ್ ಯಾಕ, ಕಾಕಾ? ನಾನಾ ನೋಡ್ಕೋತೀನಿ. ವಾರಾ ವಾರಾ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಕೋತ ಹೋಗೂದು."

"ದೊಡ್ಡದು ಮಾಡಕೋತ?"

"ಮತ್ತ? ಅದಕ್ಕೊಂದು ಪಟ್ಟಿ ಮಾಡೀನಿ, ನೋಡ್ರಿ," ಎಂದು ಕಾಶಿನಾಥ ಕೆಂಪು ಗೆರೆಯ ಹಾಳೆ ಬಿಡಿಸಿದ.

ತಿರಕಪ್ಪ ಹಾಳೆ ನೋಡಿದ. ಕಾಶಿನಾಥನ ಮುಖ ನೋಡಿದ. ಟೊಪ್ಪಿಗೆ ಅಲ್ಲೇ ಬಿಟ್ಟು ಹೊರಗೆ ಓಡಿದ. ಮಗಳ ಗಂಟಲಿನ ಗಂಟನ್ನು ಬಟಾಣಿಯವರೆಗೆ ಬೆಳೆಸಲು ಪಟ್ಟಿ ಬರೆದಿಟ್ಟುಕೊಂಡ ತಂದೆಯನ್ನು ಬಮ್ಮಿಗಟ್ಟಿ ಇದುವರೆಗೆ ಕಂಡಿರಲಿಲ್ಲ. ಹೆಚ್ಚು ಓದಿದರೆ ಹೀಗಾಗುತ್ತದೆ ಎಂದು ಬಸ್ ನಿಲ್ದಾಣದಲ್ಲಿ ತೀರ್ಮಾನವಾಯಿತು. ಮರುದಿನ ಇಬ್ಬರು ಓದುಗರು ಪತ್ರಿಕೆಗೂ ಬರಲಿಲ್ಲ.

ತಿರಕಪ್ಪನಿಗೆ ಅಣ್ಣಿಗೇರಿಯ ಶಂಕ್ರಪ್ಪನ ಪರಿಚಯವಿತ್ತು. ಎತ್ತಿನ ವ್ಯಾಪಾರದ ಕಾಲದ ಪರಿಚಯ. ಶಂಕ್ರಪ್ಪ ಎಂದರೆ ಸೌಂದರ್ಯಾಳ ತಂದೆ, ಕಾಶಿನಾಥನ ಮಾವ. ತಿರಕಪ್ಪ ಫೋನ್ ಮಾಡಿ ಬೀಗರ ಕಿವಿಗೆ ವಿಷಯ ಮುಟ್ಟಿಸಿದ. ಯಾರೋ ಪುಣ್ಯಾತ್ಮರು ಆರೋಗ್ಯ ಕೇಂದ್ರಕ್ಕೂ ಫೋನ್ ಮಾಡಿ, ಒಂಬತ್ತು ತಿಂಗಳ ಕೂಸಿಗೆ ಗಂಟಲಲ್ಲಿ ಗಂಟಾಗಿದೆ, ತಂದೆಗೆ ತಲೆ ಕೆಟ್ಟಿದೆ ಎಂದು ಎರಡೂ ರೋಗಗಳನ್ನು ಒಟ್ಟಿಗೆ ವರದಿ ಮಾಡಿದರು.

ಇವೆಲ್ಲ ಒಂದೂ ತಿಳಿಯದ ಕಾಶಿನಾಥ ಮೂರನೆಯ ದಿನ ಮಧ್ಯಾಹ್ನ ಶುಭ ಮುಹೂರ್ತವೆಂದು ಬಗೆದು ಮೊದಲ ಗಂಟಿಗೆ ಸಿದ್ಧನಾದ. ಅನ್ನ ಬೇಳೆ ಬೇಯಿಸಿ ಮಿಕ್ಸರಿಗೆ ಹಾಕಿದ. ಹಿಂದೆ ಮೂರು ಸುತ್ತು ತಿರುಗಿಸುತ್ತಿದ್ದವನು ಈಗ ಎರಡೂವರೆ ಸುತ್ತಿಗೆ ನಿಲ್ಲಿಸಿದ. ಅವನ ಮಟ್ಟಿಗೆ ಅದು ದೊಡ್ಡ ಸಾಹಸ. ಶಾಂಭವಿಯನ್ನು ಪಡಸಾಲೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂರಿಸಿದ. ಹಣೆಯ ಬೆವರು ಒರೆಸಿಕೊಂಡು, ಕಣ್ಣು ಅರೆಮುಚ್ಚಿ, ಚಮಚವನ್ನು ಮಗಳ ಬಾಯಿಗೆ ಇಟ್ಟ. ಅರೆಮುಚ್ಚಿದ ಕಣ್ಣಿಗೆ ಅಳತೆ ತಪ್ಪಿ ಚಮಚ ಹೋಗಬೇಕಾದುದಕ್ಕಿಂತ ತುಸು ಹೆಚ್ಚೇ ಒಳಗೆ ಹೋಯಿತು. ಕೂಸು "ಓಕ್" ಎಂದಿತು.

"ಅಯ್ಯಯ್ಯೋ! ಗಂಟು! ಗಂಟ್ಲಾಗ ಗಂಟು!" ಕಾಶಿನಾಥನ ಕೂಗು ಹೊಲದವರೆಗೆ ಕೇಳಿಸಿತು.

ಮೈಲಾರವ್ವ ಎರಡು ದಿನದಿಂದ ಈ ಕೂಗಿಗಾಗಿಯೇ ಸೆರಗು ಸಿಕ್ಕಿಸಿಕೊಂಡು ಕಾದಿದ್ದಳು. "ಬರ್ರೆಲೇ! ಕೂಸು ಹೊಂಟೈತಿ!" ಎಂದು ಬೀದಿಗೆ ಬಂದು ಹೊಯ್ಕೊಂಡಳು. ಐದು ನಿಮಿಷದಲ್ಲಿ ಪಡಸಾಲೆಯಲ್ಲಿ ಮೂವತ್ತು ಜನ ಸೇರಿದರು. ಅಷ್ಟರಲ್ಲಿ ಬಾಗಿಲಿಗೆ ಸಾಧಿಕ್‌ನ ಟ್ರ್ಯಾಕ್ಸ್ ಬಂದು ನಿಂತಿತು. ಬೀಗರನ್ನು ಕರೆತರಲು ತಿರಕಪ್ಪನೇ ಅದನ್ನು ಬೆಳಗ್ಗೆ ಅಣ್ಣಿಗೇರಿಗೆ ಕಳಿಸಿದ್ದ. ಶಂಕ್ರಪ್ಪ ಇಳಿದ. ಹಿಂದೆಯೇ ಅವನ ಹೆಂಡತಿ, ತಮ್ಮಂದಿರು, ತಮ್ಮಂದಿರ ಹೆಂಡಿರು, ಒಟ್ಟು ಹನ್ನೊಂದು ಮಂದಿ ಅಳುತ್ತ ಇಳಿದರು. ಸಾಧಿಕ್ ಮಾತ್ರ ಅಳದೆ ಇಳಿದ. ಅವನಿಗೆ ಗಾಡಿ ತಿರುಗಿಸಲು ಜಾಗ ಬೇಕಾಗಿತ್ತು.

"ಅಳಿಯಂದ್ರ," ಎಂದ ಶಂಕ್ರಪ್ಪ, ಮರ್ಯಾದೆ ಬಿಡದೆ, ಆದರೆ ಹಲ್ಲು ಕಡಿಯುತ್ತ, "ನಿಮಗ ಮಗಳನ್ನ ಕೊಟ್ಟೇವಿ. ಮೊಮ್ಮಗಳನ್ನ ಪರೀಕ್ಷಾ ಮಾಡಾಕ ಕೊಟ್ಟಿಲ್ಲ. ತಾಯಿ ಮಗಳು ಇಬ್ಬರನ್ನೂ ಇವತ್ತ ಒಯ್ತೀವಿ. ಆಸ್ಪತ್ರಿ ನಾವು ನೋಡ್ಕೋತೀವಿ. ತಮ್ಮಾ, ತೊಟ್ಟಲಾ ಎತ್ರಿ."

ತಮ್ಮಂದಿರು ನಾಲ್ವರು ಒಳಗೆ ನುಗ್ಗಿ, ತಾವೇ ಹೆರಿಗೆಯ ನಂತರ ಕೊಟ್ಟಿದ್ದ ಬಣ್ಣದ ತೊಟ್ಟಿಲನ್ನು ಹೊತ್ತುಕೊಂಡು ಹೊರಬಂದರು. ಬಾಗಿಲಲ್ಲಿ ಅದು ಅಡ್ಡ ಸಿಕ್ಕಿಕೊಂಡಿತು. ಒಳಗಿದ್ದವರು ಹೊರಗೆ ಹೋಗದಂತೆ, ಹೊರಗಿದ್ದವರು ಒಳಗೆ ಬಾರದಂತೆ ಆಯಿತು.

"ಮಾವಾರ, ಗಂಟು ಕೊಡಬ್ಯಾಡ ಅಂದ್ರ ಕೊಡೂದಿಲ್ರಿ! ಮತ್ತ ಮೂರು ಸುತ್ತು ತಿರುವತೀನಿ!" ಎಂದು ಕಾಶಿನಾಥ ಕೈ ಮುಗಿದ. ಮಗಳು ಅಣ್ಣಿಗೇರಿಗೆ ಹೋಗುವಳೆಂಬ ಭಯಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಅವನ ಮಾತು ಯಾರಿಗೂ ಅರ್ಥವಾಗಲಿಲ್ಲ. ತಲೆ ಕೆಟ್ಟದ್ದು ಖಾತ್ರಿಯಾಯಿತೆಂದು ಮೂವತ್ತು ಜನರೂ ಲೊಚಗುಟ್ಟಿದರು.

ತೊಟ್ಟಿಲಿನ ಕೆಳಗಿನಿಂದ ಬಗ್ಗಿಕೊಂಡು ಆರೋಗ್ಯ ಕೇಂದ್ರದ ಡಾಕ್ಟರು ತಹಸೀನ್ ಒಳಗೆ ಬಂದರು. ಎರಡು ವರ್ಷದ ಹಿಂದೆ ನೌಕರಿಗೆ ಸೇರಿದ ಚಿಕ್ಕ ವಯಸ್ಸಿನವರು. ಯಾರನ್ನೂ ಮಾತಾಡಿಸದೆ ನೇರ ಕೂಸಿನ ಹತ್ತಿರ ಕೂತು, ಕುತ್ತಿಗೆ ಸವರಿ, ಬಾಯಿ ತೆರೆಸಿ, ಬ್ಯಾಟರಿ ಹಾಕಿ ನೋಡಿದರು. ಶಾಂಭವಿ ಬ್ಯಾಟರಿಯನ್ನೇ ಕಚ್ಚಲು ನೋಡಿದಳು.

"ಗಂಟು ಎಲ್ಲೈತ್ರಿ?" ಡಾಕ್ಟರು ಕೇಳಿದರು.

"ಬಟ್ಟಲದಾಗ ಐತ್ರಿ," ಎಂದ ಕಾಶಿನಾಥ.

ಮೂವತ್ತು ಕುತ್ತಿಗೆಗಳೂ ಅಣ್ಣಿಗೇರಿಯ ಹನ್ನೊಂದು ಕುತ್ತಿಗೆಗಳೂ ಬಟ್ಟಲಿನತ್ತ ಬಾಗಿದವು. ಡಾಕ್ಟರು ಬಟ್ಟಲು ಎತ್ತಿ, ಚಮಚ ಆಡಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇದರಾಗೂ ಗಂಟು ಇಲ್ಲಲ್ರಿ."

"ಇಲ್ಲೇನ್ರಿ?" ಕಾಶಿನಾಥನಿಗೆ ಅವಮಾನವಾಯಿತು. "ಎರಡೂವರೆ ಸುತ್ತ ತಿರುವೀನ್ರಿ!"

ಕೆಂಪು ಗೆರೆಯ ಹಾಳೆ ಹೊರಬಂತು. ದುರ್ಗಾ ಹೇಳಿದ್ದು, ಸಾಸಿವೆ, ಬಟಾಣಿ, ಒಗೆಯುವ ಕಲ್ಲಿನ ಮೇಲಿನ ಫೋನು, ಎಲ್ಲವೂ ಹೊರಬಂದವು. ಡಾಕ್ಟರು ತುಟಿ ಕಚ್ಚಿಕೊಂಡು ಕೇಳಿದರು. ಶಂಕ್ರಪ್ಪ ಹಣೆ ಹಿಡಿದುಕೊಂಡು ಕೇಳಿದ. ತೊಟ್ಟಿಲು ಹೊತ್ತವರು ಅದನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹೊತ್ತುಕೊಂಡೇ ಕೇಳಿದರು.

ಆಗ ಅಡುಗೆಮನೆಯ ಬಾಗಿಲಲ್ಲಿ ಶಾರದವ್ವ ಕಾಣಿಸಿಕೊಂಡಳು. ಇಡೀ ಊರಿಗೆ ಗೊತ್ತಿದ್ದ ಗಂಟಿನ ವಿಷಯ ಗೊತ್ತಿಲ್ಲದಿದ್ದವಳು ಆಕೆ ಒಬ್ಬಳೇ. ಮೈಲಾರವ್ವ ಕೂಡ, ಮುದುಕಿಗೆ ತಡೆದುಕೊಳ್ಳಲಾಗದು ಎಂಬ ಕನಿಕರದಿಂದ, ಆಕೆಯೊಬ್ಬಳಿಗೆ ಹೇಳಿರಲಿಲ್ಲ. ಶಾರದವ್ವ ಮಗನ ಕಡೆ ನೋಡಲಿಲ್ಲ, ಬೀಗರ ಕಡೆ ನೋಡಲಿಲ್ಲ. ಕೈಯಲ್ಲಿ ತಾಟು ಹಿಡಿದು ಬಂದು ಡಾಕ್ಟರ ಎದುರಿಗೆ ಚಕ್ಕಳಬಕ್ಕಳ ಹಾಕಿ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಳು. ತಾಟಿನಲ್ಲಿ ಮೆತ್ತಗೆ ಬೆಂದ ಅನ್ನ, ಬೇಳೆ.

"ಹಿಚುಕಿ ಕೊಡಲೇನ್ರಿ, ಡಾಕ್ಟರಮ್ಮಾರ?"

"ಕೊಡ್ರಿ ಅಜ್ಜಿ. ಸಣ್ಣ ತುತ್ತು ಮಾಡ್ರಿ."

ಶಾರದವ್ವ ಮೂರು ಬೆರಳಲ್ಲಿ ಹಿಚುಕಿ, ಬೆರಳ ತುದಿಯಷ್ಟು ಶಾಂಭವಿಯ ತುಟಿಗೆ ಮುಟ್ಟಿಸಿದಳು. ಕೂಸು ಬಾಯಿಗೆ ತೆಗೆದುಕೊಂಡಿತು. ಒಂದು ಕ್ಷಣ ಯೋಚಿಸಿತು. ನಂತರ ಮುಖ ಕೆಂಪು ಮಾಡಿ, ಕಣ್ಣಲ್ಲಿ ನೀರು ತಂದು, ನಾಲಿಗೆ ಹೊರಗೆ ಹಾಕಿ ಓಕರಿಸಿತು. ಕಾಶಿನಾಥ ಹಾರಿ ಮುಂದೆ ಬಿದ್ದ. ಡಾಕ್ಟರು ಅವನ ಅಂಗಿಯ ಚುಂಗು ಹಿಡಿದು ಎಳೆದರು.

"ತಡೀರಿ. ಕೆಮ್ಮಾಕತ್ತಾಳ, ದನಿ ಬರಾಕತ್ತೈತಿ. ಉಸಿರು ಕಟ್ಟಿಲ್ಲ. ಆಕಿನಾ ಮಾಡ್ಕೋತಾಳ. ಬೆರಳು ಹಾಕಬ್ಯಾಡ್ರಿ."

ನಲವತ್ತೊಂದು ಜನ ಉಸಿರು ಬಿಗಿಹಿಡಿದರು. ಸಾಧಿಕ್ ಹೊರಗೆ ಇಂಜಿನ್ ಬಂದ್ ಮಾಡಿದ. ಶಾಂಭವಿ ತುತ್ತನ್ನು ನಾಲಿಗೆಯಿಂದ ಮುಂದಕ್ಕೆ ತಳ್ಳಿ, ಇಲ್ಲದ ಹಲ್ಲಿನಿಂದ ಎರಡು ಸಲ ಜಗಿದು, ನುಂಗಿದಳು. ಸುತ್ತ ನಿಂತವರ ಮುಖಗಳನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಅಜ್ಜಿಯ ಕೈ ಹಿಡಿದು ಎಳೆದು, ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ನಲವತ್ತೊಂದು ಬಾಯಿಗಳೂ ತೆರೆದುಕೊಂಡವು.

ಏಳನೆಯ ತುತ್ತಿಗೆ ಶಂಕ್ರಪ್ಪನ ಕೋಪ ಇಳಿಯಿತು. "ಹಂಗಾರ ಗಂಟು?" ಎಂದು ಕೇಳಿದ, ಸ್ವಲ್ಪ ನಿರಾಸೆಯಿಂದಲೇ. ಅಷ್ಟು ದೂರದಿಂದ ಗಾಡಿ ಮಾಡಿಕೊಂಡು ಬಂದಿದ್ದನಲ್ಲ.

"ಕರಗೇತ್ರಿ!" ಎಂದು ಮೈಲಾರವ್ವ ಮುಂದೆ ಬಂದಳು. "ನಿನ್ನೆ ಯಮನೂರ ದರ್ಗಾಕ್ಕ ಹರಕಿ ಹೊತ್ತೀನಿ. ಇವತ್ತು ಡಾಕ್ಟರಮ್ಮಾರಿಗೆ ಕಾಣವಲ್ದು ಅಂದ್ರ ಏನರ್ಥ?"

ಪಡಸಾಲೆಯ ತುಂಬ ನೆಮ್ಮದಿಯ ಉಸಿರು ಹರಿಯಿತು. ಎಲ್ಲರಿಗೂ ತಿಳಿಯುವಂಥ ವಿವರಣೆ ಕೊನೆಗೂ ಸಿಕ್ಕಿತ್ತು. ಡಾಕ್ಟರು ಏನೋ ಹೇಳಲು ಹೊರಟು, ಇನ್ನೂ ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಬೇಕಾದ್ದು ನೆನಪಾಗಿ, ತಮ್ಮ ಚೀಟಿಯಲ್ಲಿ "ಗಂಟು ಇಲ್ಲ" ಎಂದು ಬರೆದು ಸಹಿ ಹಾಕಿದರು. ಆ ಚೀಟಿಯನ್ನು ಮೈಲಾರವ್ವ ಸಾಕ್ಷಿಗೆಂದು ಇಸಿದುಕೊಂಡಳು.

ಸಂಜೆ ಸೌಂದರ್ಯಾ ಬಸ್ಸಿಳಿದು ಬಂದಾಗ ಬೀದಿಯಲ್ಲಿ ತೊಟ್ಟಿಲಿತ್ತು, ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿಗಳಿದ್ದವು, ಪಡಸಾಲೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದ.

"ಏನಾತು?" ಎಂದು ಗಂಡನನ್ನು ಕೇಳಿದಳು.

"ಏನಿಲ್ಲ. ಫೋನಿನ್ಯಾಗ ಹೇಳಿದ್ನೆಲ್ಲ," ಎಂದ ಕಾಶಿನಾಥ.

"ನಂಗೇನೂ ಕೇಳಿಸಿರಲಿಲ್ಲ. ಬರೇ ಗರಗರ ಅಂತಿತ್ತು. ಸಾಹೇಬ್ರು ನೋಡಾಕತ್ತಿದ್ರು, ಹೂಂ ಅಂದೆ."

ಇಡೀ ತಾಲೂಕಿಗೆ ಕೇಳಿಸಿದ್ದು ಕೇಳಬೇಕಾದವಳೊಬ್ಬಳಿಗೆ ಕೇಳಿಸಿರಲಿಲ್ಲ. ಶಾರದವ್ವ ಒಳಗಿನಿಂದ "ನಾ ಮೊದಲ ಹೇಳಿದ್ನೆಲ್ಲ" ಎಂಬ ಮಾತನ್ನು ಆ ದಿನದ ಆರನೆಯ ಸಲ ಹೇಳಿದಳು. ಮಿಕ್ಸರು ಶೇಂಗಾ ಚಟ್ನಿಗೆ ವರ್ಗವಾಯಿತು.

ಮುಂದಿನ ಗುರುವಾರ ಕಾಶಿನಾಥ ಆಗದ ರೋಗದ ಹರಕೆ ತೀರಿಸಲು, ಮಗಳನ್ನೆತ್ತಿಕೊಂಡು, ಮೈಲಾರವ್ವನ ಮುಂದಾಳತ್ವದಲ್ಲಿ ಯಮನೂರಿಗೆ ಹೋಗಿಬಂದ. ಗಂಟು ಎಂಬುದೇ ಇರಲಿಲ್ಲ ಎಂದು ದಾರಿಯುದ್ದಕ್ಕೂ ವಿವರಿಸಿದ. "ಈಗ ಇಲ್ಲ ಬಿಡಪಾ, ಅದಕ್ಕ ಹೊಂಟೇವಿ," ಎಂದು ಗಾಡಿಯಲ್ಲಿದ್ದವರೆಲ್ಲ ಸಮಾಧಾನ ಹೇಳಿದರು.

ತಿಂಗಳ ತೂಕದ ದಿನ ಮತ್ತೆ ಬಂತು. ದುರ್ಗಾ ತಕ್ಕಡಿಯ ಮುಳ್ಳು ನೋಡಿ ನಕ್ಕಳು. ಅರ್ಧ ಕಿಲೋ ಏರಿತ್ತು. ಸಾಲಿನಲ್ಲಿದ್ದ ತಾಯಂದಿರೆಲ್ಲ ಇತ್ತ ತಿರುಗಿದರು.

"ಭಾರೀ ಆತಲ್ರಿ ಕಾಶಿನಾಥಣ್ಣ! ಏನು ಮಾಡಿದ್ರಿ, ಇವರಿಗೂ ಒಂಚೂರು ಹೇಳ್ರಿ."

ಕಾಶಿನಾಥ ಈ ಗಳಿಗೆಗಾಗಿಯೇ ನಾಲ್ಕು ಪುಟ ಬರೆದುಕೊಂಡು ಬಂದಿದ್ದ. ಹಾಳೆ ಬಿಡಿಸಿದ, ಗಂಟಲು ಸರಿಪಡಿಸಿಕೊಂಡ, ಬಾಯಿ ತೆರೆದ. ಅವನ ತೊಡೆಯ ಮೇಲಿದ್ದ ಶಾಂಭವಿ ಅಷ್ಟು ಹೊತ್ತಿನಿಂದ ಹಾಲಲ್ಲಿ ನೆನೆದ ರೊಟ್ಟಿಯ ತುಣುಕೊಂದನ್ನು ಮುಷ್ಟಿಯಲ್ಲಿ ಹಿಡಿದು ಚೀಪುತ್ತಿದ್ದಳು. ಅಪ್ಪನ ಬಾಯಿ ತೆರೆದದ್ದು ಕಂಡದ್ದೇ ತಡ, ಇದ್ದದ್ದೆಲ್ಲವನ್ನೂ ಮುಷ್ಟಿಸಮೇತ ಅದರೊಳಗೆ ತುರುಕಿದಳು.

"ನಾ ಹೇಳತೀನಿ ತಡೀರಿ," ಎಂದು ಮೈಲಾರವ್ವ ಡಾಕ್ಟರ ಚೀಟಿ ಹಿಡಿದು ಎದ್ದು ನಿಂತಳು.

ಕಾಶಿನಾಥ ಕೈ ಎತ್ತಿ ತಡೆಯಲು ನೋಡಿದ. ಬಾಯಿ ತುಂಬಿತ್ತು.